ಮಾದರಿ ಹಡಗಿನ ಐಬೋಲ್ಟ್, ರಿಂಗ್, ಹುಕ್‌ಗಳಿಗೆ ಹಿತ್ತಾಳೆ ತಂತಿಯೋ ತಾಮ್ರದ್ದೋ?

1:64 ಅಳತೆಯ ಹಾಯಿಹಡಗಿಗೆ ಹಿತ್ತಾಳೆ ತಂತಿ ಬಗ್ಗಿಸಿದರೆ ಮುರಿಯುತ್ತದೆ, ತಾಮ್ರದ ಹುಕ್ ದಾರ ಬಿಗಿದ ಕೂಡಲೇ ಬಾಯಿ ಬಿಡುತ್ತದೆ, ಹಚ್ಚಿದ ಕಪ್ಪು ಉದುರುತ್ತದೆ ಅಂದಿದ್ದೀರಿ. ಮೊದಲೆರಡು ತೊಂದರೆಗಳಲ್ಲಿ ಲೋಹಕ್ಕಿಂತ ತಂತಿಯ ಹದದ (ಅದು ಎಷ್ಟು ಗಡುಸು, ಎಷ್ಟು ಮೆದು ಎಂಬುದರ) ಪಾಲೇ ಹೆಚ್ಚು.

ದಪ್ಪ ಮೊದಲು ನಿರ್ಧರಿಸಿ. ನಿಜವಾದ ಹಡಗಿನಲ್ಲಿ ಐಬೋಲ್ಟ್‌ನ (ಹಗ್ಗ ಕಟ್ಟಲು ತಲೆಯಲ್ಲಿ ಬಳೆಯಿರುವ ಮೊಳೆಯ) ಕಂಬಿ 25 ಮಿ.ಮೀ. ದಪ್ಪ ಇದ್ದರೆ, 64ರಿಂದ ಭಾಗಿಸಿದಾಗ 0.39, ಅಂದರೆ 0.4 ಮಿ.ಮೀ. ತಂತಿ ಬೇಕು. ಅನುಮಾನವಿದ್ದರೆ ತೆಳುವಾದದ್ದನ್ನೇ ಆರಿಸಿ. ದಪ್ಪ ಐಬೋಲ್ಟ್ ಇಡೀ ಡೆಕ್ಕನ್ನೇ ಒರಟಾಗಿ ಕಾಣಿಸುತ್ತದೆ.

ದಾರದ ಎಳೆತ ತಡೆಯಬೇಕಾದ ಹುಕ್, ಐಬೋಲ್ಟ್, ರೇಲಿಂಗ್‌ಗೆ ನಾನು ಹಿತ್ತಾಳೆಯನ್ನೇ ಹೇಳುತ್ತೇನೆ. ಡೆಡ್‌ಐ (ಹಗ್ಗ ಬಿಗಿಯಲು ತೂತುಗಳಿರುವ ಮರದ ದುಂಡು ಬಿಲ್ಲೆ) ಸುತ್ತ ಅಂಟಿದಂತೆ ಕೂರಬೇಕಾದ ಪಟ್ಟಿಗೆ ತಾಮ್ರ ಸರಿ. ಬಣ್ಣದ ಕರಕುಶಲ ತಂತಿ ಬೇಡ: ಮೇಲಿನ ಲೇಪಕ್ಕೆ ಬೆಸುಗೆಯೂ ಹಿಡಿಯದು, ಕಪ್ಪೂ ಹಿಡಿಯದು. ಆಯಸ್ಕಾಂತಕ್ಕೆ ಅಂಟಿದರೆ ಒಳಗಿರುವುದು ಉಕ್ಕು, ತುಕ್ಕು ಬರುತ್ತದೆ. ಸತುವಿನ ಲೇಪವಿರುವ ತಂತಿಯನ್ನಂತೂ ಕಾಯಿಸಲೇಬೇಡಿ, ಆ ಹೊಗೆ ಹಾನಿಕರ.

ಈಗ ಹದದ ಮಾತು. ಎಳೆದು ತಯಾರಿಸಿದ ಹಿತ್ತಾಳೆ ತಂತಿ ಗಡುಸಾಗಿರುತ್ತದೆ, ಪ್ರತಿ ಬಾಗಿಗೂ ಇನ್ನಷ್ಟು ಗಡುಸಾಗುತ್ತದೆ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಆಡಿಸಿದರೆ ತುಂಡಾಗುತ್ತದೆ. ಅದನ್ನು ಮೆದು ಮಾಡಲು ತಂತಿಯನ್ನು ಸಡಿಲ ಸುರುಳಿ ಮಾಡಿ, ಮಬ್ಬು ಬೆಳಕಿನಲ್ಲಿ ಗ್ಯಾಸ್ ಟಾರ್ಚ್‌ನ ಜ್ವಾಲೆಯನ್ನು ಅದರ ಮೇಲೆ ಆಡಿಸುತ್ತಾ ಹೋಗಿ. ಮಸುಕು ಕೆಂಪು ಕಂಡ ಕ್ಷಣವೇ ಜ್ವಾಲೆ ತೆಗೆಯಿರಿ. 0.4ರ ತಂತಿ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿಬಿಡುತ್ತದೆ. ಹಿತ್ತಾಳೆಯನ್ನು ತಾನಾಗಿ ಆರಲು ಬಿಡಿ. ತಾಮ್ರವನ್ನು ನೀರಿಗೆ ಹಾಕಿದರೂ ನಡೆಯುತ್ತದೆ. ಆಮೇಲೆ ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಸ್ವಲ್ಪ ಜಗ್ಗಿ ಬರುವ ತನಕ ಎಳೆಯಿರಿ. ತಂತಿ ನೂಲು ಹಿಡಿದಂತೆ ನೇರವಾಗುತ್ತದೆ, ತುಸು ಬಿಗಿಯೂ ಮರಳುತ್ತದೆ. ತಾಮ್ರದ ಹುಕ್ ಬಾಯಿ ಬಿಡುವುದು ಈ ಬಿಗಿ ಇಲ್ಲದ್ದರಿಂದ.

ಐಬೋಲ್ಟ್‌ಗೆ 0.8 ಮಿ.ಮೀ. ಡ್ರಿಲ್ ಬಿಟ್‌ನ ನುಣುಪಾದ ಹಿಂಭಾಗಕ್ಕೆ ತಂತಿಯನ್ನು ಒಂದು ಸುತ್ತು ಸುತ್ತಿ. ಕಾಲು, ಅಂದರೆ ಉಳಿದ ನೇರ ತಂತಿ, ಈಗ ಬಳೆಯ ಒಂದು ಪಕ್ಕಕ್ಕಿರುತ್ತದೆ. ಬಳೆಯನ್ನು ಇಕ್ಕಳದಲ್ಲಿ ಹಿಡಿದು ಕುತ್ತಿಗೆಯ ಬಳಿ ಕಾಲನ್ನು ಹಿಂದಕ್ಕೆ ಬಗ್ಗಿಸಿ ನಡುವಿಗೆ ತನ್ನಿ, ಇದನ್ನು ಬಿಟ್ಟರೆ ಅದು ಐಬೋಲ್ಟ್‌ನಂತೆ ಕಾಣುವುದೇ ಇಲ್ಲ. ಹಲ್ಲಿರುವ ಇಕ್ಕಳ ಬೇಡ, ಅದು ಕಚ್ಚಿದ ಗಾಯದಲ್ಲೇ ತಂತಿ ಮುರಿಯುತ್ತದೆ. ರಿಂಗ್‌ಗಳಿಗೆ ಹಲವು ಸುತ್ತು ಸುತ್ತಿ ಉದ್ದಕ್ಕೆ ಕತ್ತರಿಸಿ. ಸುರುಳಿ ಬಿಟ್ಟಾಗ ಕೊಂಚ ಹಿಗ್ಗುವುದರಿಂದ ಬೇಕಾದ ಒಳ ಅಳತೆಗಿಂತ ಒಂದು ಸಣ್ಣ ಬಿಟ್ ಬಳಸಿ. ಬಾಯಿ ತೆರೆಯುವಾಗ ತುದಿಗಳನ್ನು ಅಗಲಿಸದೆ ಪಕ್ಕಕ್ಕೆ ತಿರುಚಿ, ಮತ್ತೆ ಹಾಗೇ ತಿರುಚಿ ಮುಚ್ಚಿ.

ಕಪ್ಪು ಉದುರಲು ಕಾರಣ ಎರಡು: ಜಿಡ್ಡು, ಮತ್ತು ದ್ರಾವಣದ ಅತಿಯಾದ ಗಾಢತೆ. ಅಸಿಟೋನ್‌ನಲ್ಲಿ ತೊಳೆದು, ಸಿಟ್ರಿಕ್ ಆಮ್ಲದಲ್ಲಿ ಕೆಲ ನಿಮಿಷ ಇಟ್ಟು, ನೀರಿನಲ್ಲಿ ಜಾಲಿಸಿ. ಆಮೇಲೆ ಬೆರಳು ತಾಗಿಸಬೇಡಿ. ಹಿತ್ತಾಳೆ ಕಪ್ಪಾಗಿಸುವ ಸೆಲೆನಿಯಂ ದ್ರಾವಣಕ್ಕೆ ನಾಲ್ಕೈದು ಪಟ್ಟು ನೀರು ಬೆರೆಸಿ ಅದ್ದಿ, ಕೈಗವಸು ಕಡ್ಡಾಯ. ನಿಧಾನವಾಗಿ ಏರಿದ ಬಣ್ಣ ಕಚ್ಚಿಕೊಳ್ಳುತ್ತದೆ. ಗಾಢ ದ್ರಾವಣದಲ್ಲಿ ಥಟ್ಟನೆ ಬಂದದ್ದು ಮಸಿಯಂತೆ ಕೈಗೆ ಹತ್ತುತ್ತದೆ. ಕಡುಕಂದು ತಿರುಗಿದಾಗಲೇ ತೆಗೆದು ಚೆನ್ನಾಗಿ ತೊಳೆಯಿರಿ. ಲಿವರ್ ಆಫ್ ಸಲ್ಫರ್ (ಲೋಹವನ್ನು ಕಪ್ಪಾಗಿಸುವ ಗಂಧಕದ ರಾಸಾಯನಿಕ) ತಾಮ್ರಕ್ಕೆ ಸೊಗಸು, ಹಿತ್ತಾಳೆಗೆ ಸರಿಯಾಗಿ ಹಿಡಿಯದು. ಬೆಸುಗೆ ಬಿದ್ದ ಕಡೆ ಬೆಳ್ಳಗೆ ಉಳಿದರೆ ಹೆಚ್ಚುವರಿ ಬೆಸುಗೆಯನ್ನು ಕೆರೆದು, ಹೊಳಪಿಲ್ಲದ ಕಪ್ಪು ಬಣ್ಣ ಒಂದು ಚುಕ್ಕಿ ಇಡಿ.