ಪ್ರತಿಕ್ರಿಯೆ: ‘ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್’ ಅಂದರೆ ಯಾರು?

ಹಳೇ ಇಂಗ್ಲಿಷ್ ಕಾದಂಬರಿಯಲ್ಲಿ ಬರುವ ‘ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್’ ಅಂದರೆ ಸಂಬಂಧ ಕಡಿದುಕೊಂಡವರಾ ಅಂತ ಕೇಳಿದ್ದೀರಿ. ಅಲ್ಲ. ‘ರಿಮೂವ್ಡ್’ ಅಂದರೆ ಇಲ್ಲಿ ತಲೆಮಾರಿನ ಅಂತರ, ಅಷ್ಟೇ.

ನಿಮ್ಮ ತಾಯಿಯ ದೊಡ್ಡಪ್ಪನ ಮಗಳನ್ನೇ ತಗೊಳ್ಳಿ. ಆಕೆ ತಾಯಿಗೆ ಫಸ್ಟ್ ಕಸಿನ್. ನಿಮಗಿಂತ ಒಂದು ತಲೆಮಾರು ಮೇಲೆ, ಹಾಗಾಗಿ ನಿಮಗೆ ಒನ್ಸ್ ರಿಮೂವ್ಡ್. ಆಕೆಯ ಮಗ ನಿಮ್ಮ ತಲೆಮಾರಿನವನೇ, ಅವನು ಸೆಕೆಂಡ್ ಕಸಿನ್. ಕನ್ನಡದಲ್ಲಾದರೆ ಆಕೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗುತ್ತಾಳೆ, ಮಗ ಅಣ್ಣನೋ ತಮ್ಮನೋ. ಎಷ್ಟು ಸಲೀಸು, ಅಲ್ವಾ?

ಜಾಸ್ತಿ ಗೊಂದಲ ಆಗೋದು ಇಲ್ಲಿ: ನಿಮ್ಮ ಸ್ವಂತ ಕಸಿನ್‌ನ ಪುಟ್ಟ ಮಗುವೂ ನಿಮಗೆ ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್! ಮೇಲಿನವರಿಗೂ ಕೆಳಗಿನವರಿಗೂ ಒಂದೇ ಹೆಸರು. ಯಾರು ದೊಡ್ಡವರು ಅಂತ ಕಥೆಯಲ್ಲೇ ನೋಡಿಕೊಳ್ಳಬೇಕು.

ಹಳೇ ಪುಸ್ತಕ ಅಂದಿರಲ್ಲ, ಇನ್ನೊಂದು ಮಾತು. 19ನೇ ಶತಮಾನದಲ್ಲೂ ‘ಮದರ್-ಇನ್-ಲಾ’ ಅಂದರೆ ಅತ್ತೆಯ ಜೊತೆಗೆ ಮಲತಾಯಿ ಅನ್ನುವ ಅರ್ಥವೂ ಇತ್ತು. ಮದುವೆಯಾಗದ ಹುಡುಗನಿಗೆ ಮದರ್-ಇನ್-ಲಾ ಕಂಡರೆ ಗಾಬರಿಯಾಗಬೇಡಿ, ಅದು ಮಲತಾಯಿ ಇರಬಹುದು.

ಇಂಗ್ಲಿಷಿಗೆ ಸಂಬಂಧ ಹೇಳುವ ಪದಗಳ ಈ ಬಡತನ ಮೊದಲು ಇಷ್ಟಿರಲಿಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡಿನ ಮೇಲೆ ಮಾಡಿದ ದಾಳಿಗೆ ಮುಂಚಿನ ಇಂಗ್ಲಿಷಿನಲ್ಲಿ ಸೋದರಮಾವನಿಗೆ ಒಂದು ಪದ, ತಂದೆಯ ಅಣ್ಣತಮ್ಮಂದಿರಿಗೆ ಬೇರೆ ಪದ ಇತ್ತು. ಆಮೇಲೆ ಫ್ರೆಂಚಿನಿಂದ ಬಂದ ‘ಅಂಕಲ್’ ಎರಡನ್ನೂ ನುಂಗಿತು. ಆ ‘ಅಂಕಲ್’ಗೆ ಮೂಲವಾದ ಲ್ಯಾಟಿನ್ ಪದದ ಅರ್ಥ ಸೋದರಮಾವ ಅಂತಲೇ!