ಬೈಸ್ಟ್ಯಾಂಡರ್ ಅಂದರೆ ಯಾರು?

ವಿಜಯನಗರದ ಓದುಗರೊಬ್ಬರ ಪತ್ರ ಹೀಗಿದೆ: 'ಮಾವನವರನ್ನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಐದು ರಾತ್ರಿ ಸ್ಟೂಲ್ ಮೇಲೆ ಕೂತು ಕಳೆದವಳು ನಾನು. ಕೇರಳದ ನರ್ಸ್ ಬಂದಾಗಲೆಲ್ಲ "ಬೈಸ್ಟ್ಯಾಂಡರ್ ಯಾರು?" ಅಂತ ಕೇಳೋರು. ವಾರ್ಡಿನ ಬಾಗಿಲಲ್ಲಿ "ಒಬ್ಬ ಪ್ರೇಕ್ಷಕರಿಗೆ ಮಾತ್ರ ಪ್ರವೇಶ" ಎಂಬ ಬೋರ್ಡ್ ಬೇರೆ. ಸುಮ್ನೆ ನಿಂತು ನೋಡೋರಿಗೆ ತಾನೆ ಬೈಸ್ಟ್ಯಾಂಡರ್ ಅನ್ನೋದು? ನಾನೇನು ತಮಾಷೆ ನೋಡಲು ಹೋಗಿದ್ನಾ?'

ಸಂಪಾದಕರ ಉತ್ತರ:

ಪ್ರಿಯ ಓದುಗರೆ, ಬೋರ್ಡಿನ ಮೇಲೆ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದೇ. ನರ್ಸ್ ಮೇಲೆ ಮಾತ್ರ ಸಿಟ್ಟಾಗಬೇಡಿ.

ಡಿಕ್ಷನರಿ ನಿಮ್ಮ ಕಡೆಗೇ ಇದೆ. ಏನೋ ನಡೆಯುವಾಗ ಅಲ್ಲಿದ್ದೂ ಅದರಲ್ಲಿ ಪಾಲಿಲ್ಲದವರು ಬೈಸ್ಟ್ಯಾಂಡರ್. ಗಲಾಟೆಯಲ್ಲಿ ಯಾರೋ ಎಸೆದ ಕಲ್ಲು ತನಗೆ ಸಂಬಂಧವೇ ಇಲ್ಲದವನಿಗೆ ಬಿತ್ತು ಅನ್ನಿ, ಇಂಗ್ಲಿಷ್ ಪತ್ರಿಕೆ ಅವನನ್ನು 'ಇನ್ನೊಸೆಂಟ್ ಬೈಸ್ಟ್ಯಾಂಡರ್' ಅನ್ನುತ್ತದೆ. ಆನ್‌ಲುಕರ್ ಬೇರೆ, ಅವನು ನೋಡುವುದಕ್ಕೇ ನಿಂತವನು. ನಮ್ಮೂರಲ್ಲಿ ಜೆಸಿಬಿ ಒಂದು ಗುಂಡಿ ತೋಡಲಿ, ಐದು ನಿಮಿಷದಲ್ಲಿ ಸುತ್ತ ಸೇರುತ್ತಾರಲ್ಲ, ಅವರೆಲ್ಲ ಆನ್‌ಲುಕರ್‌ಗಳೇ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟಿಕೆಟ್ ತಗೊಂಡು ಕೂತವರು ಸ್ಪೆಕ್ಟೇಟರ್. ದಾರಿಹೋಕನಿಗೆ ಪಾಸರ್‌ಬೈ. ಅವರು ಹಲವರಾದರೆ 'ಪಾಸರ್ಸ್‌ಬೈ' ಆಗುತ್ತಾರೆ, 'ಪಾಸರ್‌ಬೈಸ್' ಅಲ್ಲ.

ಕನ್ನಡ ಪತ್ರಿಕೆಯವರಾದ ನಾವು ಇವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ 'ಪ್ರೇಕ್ಷಕ' ಅಂತ ಚೀಟಿ ಅಂಟಿಸಿಬಿಡುತ್ತೇವೆ. ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋಡೆ ಕುಸಿದ ಸುದ್ದಿಯೊಂದನ್ನು ಇಂಗ್ಲಿಷಿನಿಂದ ತಂದು, 'ಪ್ರೇಕ್ಷಕನಿಗೆ ಗಾಯ' ಎಂದು ಹೆಡ್ಡಿಂಗ್ ಕೊಟ್ಟೆ. ಪ್ರೂಫ್ ವಾಪಸ್ ಬಂದಾಗ ಆ ಪದದ ಸುತ್ತ ಕೆಂಪು ಇಂಕಿನ ಸೊನ್ನೆ, ಪಕ್ಕದಲ್ಲಿ ಹಿರಿಯರ ಅಕ್ಷರ: 'ಇವನು ಟಿಕೆಟ್ ಎಲ್ಲಿ ತಗೊಂಡ?' ನಿಮ್ಮ ಆಸ್ಪತ್ರೆಯ ಬೋರ್ಡ್ ಬರೆದವರಿಗೆ ಅಂಥ ಹಿರಿಯರು ಸಿಗಲಿಲ್ಲ, ಅಷ್ಟೇ.

ಇನ್ನು ನರ್ಸ್ ವಿಷಯ. ಕೇರಳದ ಆಸ್ಪತ್ರೆಗಳಲ್ಲಿ ಬೈಸ್ಟ್ಯಾಂಡರ್ ಅಂದರೆ ರೋಗಿಯ ಜೊತೆಗಿದ್ದು ನೋಡಿಕೊಳ್ಳುವವರು. ಪಾಸ್ ಸಿಗುವುದು ಅವರಿಗೆ, ಔಷಧಿ ಚೀಟಿ ಹಿಡಿದು ಓಡುವವರೂ ಅವರೇ. ಬೇರೆ ಕಡೆಯ ಇಂಗ್ಲಿಷಿನಲ್ಲಿ ಈ ಅರ್ಥ ಕಾಣುವುದು ಕಡಿಮೆ. ಮಲಯಾಳದಲ್ಲಿ ಇಂಥವರಿಗೆ 'ಕೂಟ್ಟಿರಿಪ್ಪುಕಾರ್' ಅನ್ನುತ್ತಾರೆ, ಜೊತೆಗೆ ಕೂತಿರುವವರು ಅಂತ. ನಮ್ಮ 'ಕೂಡ ಇರುವವರು' ಎಂಬ ಮಾತಿನ ಹಾಗೇ ಕೇಳಿಸುತ್ತೆ ಅಲ್ವಾ? ಆ ನರ್ಸ್ ತಮ್ಮೂರಿನ ರೂಢಿಯ ಪ್ರಕಾರ ನಿಮಗೆ ಕೊಡಬೇಕಾದ ಹೆಸರನ್ನೇ ಕೊಟ್ಟಿದ್ದಾರೆ.

ಅದು ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪದ ಬಿಡಿಸಿದರೆ ಇರುವುದು 'ಪಕ್ಕದಲ್ಲಿ ನಿಂತವರು' ಅಂತ ಮಾತ್ರ. ನಿಂತು ಏನು ಮಾಡಿದರು ಅನ್ನುವುದನ್ನು ಪದ ಹೇಳುವುದೇ ಇಲ್ಲ. ಇಂಗ್ಲಿಷಿನ 'ಸ್ಟ್ಯಾಂಡ್ ಬೈ' ಎಂಬ ಮಾತಿಗೂ ಎರಡು ಮುಖ ಇದೆ: ಕಷ್ಟದಲ್ಲಿ ಬೆನ್ನಿಗೆ ನಿಲ್ಲುವುದೂ ಅದೇ, ಕೈಕಟ್ಟಿಕೊಂಡು ನಿಲ್ಲುವುದೂ ಅದೇ. ಮಲಯಾಳಿಗಳು ಮೊದಲನೆಯದನ್ನು ಹಿಡಿದುಕೊಂಡರು.

ಎರಡನೆಯದು ಗಟ್ಟಿಯಾಗಿ ಅಂಟಿಕೊಂಡಿದ್ದು 1964ರ ನಂತರ ಅಂತ ಕಾಣುತ್ತದೆ. ಆ ವರ್ಷ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯಾಯಿತು. ಮೂವತ್ತೆಂಟು ಜನ ನೋಡುತ್ತಾ ಸುಮ್ಮನಿದ್ದರು ಎಂದು ಪತ್ರಿಕೆ ಬರೆಯಿತು. ಆ ಲೆಕ್ಕ ಉತ್ಪ್ರೇಕ್ಷೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಲಟಾನೆ, ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರ ಪ್ರಯೋಗಗಳಿಂದ 'ಬೈಸ್ಟ್ಯಾಂಡರ್ ಎಫೆಕ್ಟ್' ಎಂಬ ಮಾತು ಪುಸ್ತಕಗಳಿಗೆ ಸೇರಿತ್ತು. ಜನ ಜಾಸ್ತಿ ಇದ್ದಷ್ಟೂ 'ಬೇರೆ ಯಾರಾದರೂ ನೋಡ್ಕೋತಾರೆ ಬಿಡು' ಅನ್ನುವ ಭಾವನೆ ಜಾಸ್ತಿ, ಅನ್ನುವುದು ಅದರ ತಿರುಳು. ನಮ್ಮಲ್ಲಿ ಇದರ ಜೊತೆ ಪೊಲೀಸ್ ಸ್ಟೇಷನ್ನಿನ ಭಯವೂ ಸೇರಿಕೊಂಡಿತ್ತು. ಅಪಘಾತದಲ್ಲಿ ಬಿದ್ದವರನ್ನು ಎತ್ತಿದವರು ಈಗ ಹೆಸರು ಹೇಳಲೇಬೇಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಕನ್ನಡದಲ್ಲಿ ನಿಮ್ಮನ್ನು ಏನನ್ನಬೇಕು? ಕೆಲವರು 'ಅಟೆಂಡರ್' ಅನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಅಟೆಂಡರ್ ಅಂದರೆ ಫೈಲು ಹೊರುವವರು, ಹಾಗಾಗಿ ಅದು ಬೇಡ. 'ಪರಿಚಾರಕ' ಪುಸ್ತಕದ ವಾಸನೆ. ಯಾವ ಪಂಡಿತರನ್ನೂ ಕೇಳದೆ ನಮ್ಮ ಆಯಾಗಳು ಕಾರಿಡಾರಿನಲ್ಲಿ ಕೂಗುವ ಮಾತೊಂದಿದೆ: 'ಏಳನೇ ಬೆಡ್ ಪೇಷೆಂಟ್ ಕಡೆಯವ್ರು ಯಾರ್ರೀ?' ಕಡೆಯವರು! ಸೊಸೆಯೋ ಗೆಳೆಯನೋ, ಎಲ್ಲರಿಗೂ ಸಲ್ಲುತ್ತದೆ. ಬೋರ್ಡಿಗೆ 'ರೋಗಿಯ ಕಡೆಯವರು ಒಬ್ಬರು ಮಾತ್ರ ಒಳಗಿರಬಹುದು' ಎಂದು ಬರೆದರೆ ಸಾಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಕೊಟ್ಟು ನೋಡಿ.

ಮಾವನವರು ಮನೆಗೆ ಬಂದರೆಂದು ಓದಿ ಸಂತೋಷವಾಯಿತು. ಸಾಕ್ಷಿಗೆಂದು ಲಕೋಟೆಯಲ್ಲಿಟ್ಟಿದ್ದ ಪಾಸನ್ನು ವಾಪಸ್ ಕಳಿಸುತ್ತಿದ್ದೇನೆ. ಅದರ ಹಿಂದೆ ಪೆನ್ಸಿಲಿನಲ್ಲಿ ಬೆಳಗಿನ, ರಾತ್ರಿಯ ಮಾತ್ರೆಗಳ ಲೆಕ್ಕ ಇದೆ, ನಿಮಗೆ ಬೇಕಾಗಬಹುದು.