ಕಾಲೇಜಲ್ಲಿ ಎಲ್‌ಜಿಬಿಟಿ ಸ್ಟೂಡೆಂಟ್ಸ್‌ಗೆ ಅಂತ ಒಂದು ರೂಮ್ ಮಾಡಿದಾರೆ, ಹೋದ್ರೆ ಉಪಯೋಗ ಇದ್ಯಾ?

ಉಪಯೋಗ ಇದೆ. ಆದ್ರೆ ನಿಮ್ ಪ್ರಶ್ನೆ ಕೊನೇಲಿ 'ಒಳಗೆ ಹೋಗೋದನ್ನ ಕ್ಲಾಸವ್ರು ಯಾರಾದ್ರು ನೋಡ್ಬಿಟ್ರೆ?' ಅಂತ ಬರ್ದಿದೀರಲ್ಲ, ಅಸಲಿ ವಿಷ್ಯ ಅದೇ.

ನಾನು ಗೇ, ಹಾಸನದ ಕಡೆಯವನು, 2011ರಿಂದ 14ರ ತನಕ ಬೆಂಗಳೂರಲ್ಲಿ ಡಿಗ್ರಿ ಮಾಡಿದ್ದು. ನಮ್ ಕಾಲೇಜಲ್ಲಿ (ಹೆಸ್ರು ಬೇಡ ಬಿಡಿ) ಇದ್ದಿದ್ದು ಒಬ್ರು ಕೌನ್ಸೆಲರ್ ಮೇಡಂ, ಅವ್ರ ರೂಮು ಪ್ರಿನ್ಸಿಪಾಲ್ ಚೇಂಬರ್ ಎದುರುಗಡೆ, ಒಳಗೆ ಹೋಗೋ ಮುಂಚೆ ರಿಜಿಸ್ಟರಲ್ಲಿ ಹೆಸ್ರು, ಸೆಕ್ಷನ್, ಬಂದ ಕಾರಣ ಎಲ್ಲಾ ಬರೀಬೇಕು. ನಾನು 'ತಲೆನೋವು' ಅಂತ ಬರ್ದೆ. ಮೇಡಂ ಪ್ರೀತಿಯಿಂದ್ಲೇ ಕೇಳಿಸ್ಕೊಂಡ್ರು, ಮಾರನೇ ದಿನ ನಮ್ಮಪ್ಪಂಗೆ ಫೋನ್ ಮಾಡಿದ್ರು. ಒಳ್ಳೇದಾಗ್ಲಿ ಅಂತಾನೇ ಮಾಡಿರ್ತಾರೆ, ಆದ್ರೆ ಅಪ್ಪ ಒಂದೂವರೆ ವರ್ಷ ನನ್ ಜೊತೆ ನೆಟ್ಟಗೆ ಮಾತಾಡ್ಲಿಲ್ಲ.

ಆಮೇಲೆ ಫೈನಲ್ ಇಯರಲ್ಲಿ, 2013ರ ಡಿಸೆಂಬರ್ 11, ಸುಪ್ರೀಂ ಕೋರ್ಟು ಡೆಲ್ಲಿ ಹೈಕೋರ್ಟಿನ 2009ರ ತೀರ್ಪನ್ನ ತೆಗೆದುಹಾಕಿ, ಗೇ ಸಂಬಂಧ ಅಪರಾಧ ಅಂತಿದ್ದ ಸೆಕ್ಷನ್ 377ನ ವಾಪಸ್ ತಂದ ದಿನ, ಹಾಸ್ಟೆಲ್ ಮೆಸ್ಸಲ್ಲಿ ಟಿವಿ ಓಡ್ತಿತ್ತು, ಪಕ್ಕದವ್ನು ಏನೋ ಹೊಲಸು ಜೋಕ್ ಹೊಡ್ದ, ಎಲ್ರೂ ನಕ್ರು, ನಾನೂ ನಕ್ಕೆ, ನಗದೇ ಇದ್ರೆ ಡೌಟ್ ಬರತ್ತಲ್ಲ. ತಟ್ಟೆ ತೊಳೆದಿಟ್ಟು ಎಲ್ಲಿಗೆ ಹೋಗ್ಲಿ? ಇದೇ ಊರಲ್ಲಿ ನಮ್ಮಂಥವ್ರಿಗೆ ಅಂತಾನೇ ಗುಡ್ ಆಸ್ ಯೂ ಅನ್ನೋ ಗುಂಪು 1994ರಿಂದ ಇತ್ತು, ಸಂಗಮ ಅನ್ನೋ ಸಂಸ್ಥೆ ಇತ್ತು, ನಂಗೆ ಎರಡೂ ಗೊತ್ತಿರ್ಲಿಲ್ಲ, ಹೇಳೋರಾದ್ರೂ ಯಾರು. ಮೆಜೆಸ್ಟಿಕ್‌ಗೆ ಬಸ್ ಹತ್ತಿ ಹೋಗಿ ಸುಮ್ನೆ ಪ್ಲಾಟ್‌ಫಾರ್ಮಲ್ಲಿ ಕೂತಿದ್ದು ವಾಪಸ್ ಬಂದೆ. ಇಂಥ ರೂಮ್ ಬೇಕಾಗೋದು ಅಂಥ ಸಾಯಂಕಾಲಕ್ಕೆ ನೋಡಿ.

ಹೋದ ವರ್ಷ ಚಿಕ್ಕಪ್ಪನ ಮಗಳ ಕಾಲೇಜಲ್ಲಿ ಒಂದು ನೋಡ್ದೆ. ಲೈಬ್ರರಿ ಹಿಂದೆ, ಬುಕ್ ಕ್ಲಬ್‌ನವ್ರದ್ದೂ ಅದೇ ರೂಮು, ರಿಜಿಸ್ಟರ್ ಇಲ್ಲ, ಒಂದು ಕೆಟಲ್ ಇದೆ. ಯಾರು ಯಾತಕ್ಕೆ ಬಂದ್ರು ಅಂತ ಹೊರಗಿನವ್ರಿಗೆ ಗೊತ್ತಾಗೋ ಚಾನ್ಸೇ ಇಲ್ಲ. ಅಲ್ಲಿ ನಡೆಯೋ ಮಾತೂ ದೊಡ್ಡದೇನಲ್ಲ, ಯಾವ ಪಿಜಿ ಓನರ್ ಕಿರಿಕಿರಿ ಮಾಡಲ್ಲ, ಯಾವ ಡಾಕ್ಟರು ಬುದ್ಧಿ ಹೇಳೋಕ್ ಶುರು ಮಾಡಲ್ಲ, ಮಾರ್ಕ್ಸ್ ಕಾರ್ಡಲ್ಲಿ ಹೆಸ್ರು ಬದಲಾಯಿಸೋಕೆ ಎಲ್ಲಿ ಅರ್ಜಿ ಹಾಕ್ಬೇಕು, ಇಂಥದ್ದೇ. ಪೋಸ್ಟರ್, ರೇನ್‌ಬೋ ಬಾವುಟ ಇದಕ್ಕೆಲ್ಲ ನಾನಂತೂ ಅಷ್ಟು ಬೆಲೆ ಕೊಡಲ್ಲ.

ಅಮೆರಿಕದಲ್ಲಿ ಮಿಷಿಗನ್ ಯೂನಿವರ್ಸಿಟಿಯವ್ರು 1971ರಲ್ಲೇ ಇದಕ್ಕೊಂದು ಆಫೀಸ್ ತೆರೆದ್ರು, ಯೂನಿವರ್ಸಿಟಿನೇ ಸಂಬಳ ಕೊಟ್ಟು ಸ್ಟಾಫ್ ಇಟ್ಟು. ನಮ್ ಕಡೆ ನಾನು ನೋಡಿರೋದೆಲ್ಲ ಹುಡುಗ್ರೇ ನಡೆಸೋದು, ಸೀನಿಯರ್ಸ್ ಪಾಸಾಗಿ ಹೋದ್ರೆ ವಾಟ್ಸಾಪ್ ಗ್ರೂಪ್ ಅಲ್ಲಿಗೇ ಸ್ತಬ್ಧ.

ನೀವು ಮೊದಲ್ನೇ ದಿನ ಏನೂ ಹೇಳ್ಕೋಬೇಡಿ. ನಾನ್ ಹೇಳಿದ್ದನ್ನ ಬರ್ದಿಡ್ತೀರಾ, ಮನೆಗೆ ಫೋನ್ ಮಾಡ್ತೀರಾ ಅಂತ ಎರಡೇ ಪ್ರಶ್ನೆ ಕೇಳಿ, ನೇರವಾಗಿ ಉತ್ತರ ಬರ್ಲಿಲ್ಲ ಅಂದ್ರೆ ಟೀ ಕುಡ್ದು ಎದ್ದು ಬನ್ನಿ. ಕ್ಲಾಸಲ್ಲಿ ಯಾರಾದ್ರೂ ಕಾಟ ಕೊಟ್ರೆ, ಯುಜಿಸಿ ರ‍್ಯಾಗಿಂಗ್ ನಿಯಮಕ್ಕೆ 2016ರಲ್ಲೇ ಸೆಕ್ಷುಯಲ್ ಓರಿಯಂಟೇಶನ್ ಸೇರಿಸಿದಾರೆ, ಅಂದ್ರೆ ಗೇ ಅಂತ ಕಾಟ ಕೊಟ್ರೂ ಅದು ರ‍್ಯಾಗಿಂಗೇ, ಕಂಪ್ಲೇಂಟ್ ಕೊಡೋವಾಗ ಅದನ್ನೇ ಬರೀರಿ. ರಾತ್ರಿ ಹೊತ್ತು ಮನಸ್ಸು ತುಂಬಾ ಕೆಟ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಅಂದಹಾಗೆ ನಿಮ್ ಕಾಲೇಜಲ್ಲಿ ಆ ರೂಮು ಎಲ್ಲಿದೆ, ಬೀಗದ ಕೈ ಯಾರ ಹತ್ರ ಇರತ್ತೆ? ಅದನ್ನ ಹೇಳಿದ್ರೆ ಇನ್ನೂ ಸರಿಯಾಗಿ ಹೇಳ್ಬೋದು.